ಬಾಲ್ದಿಗೆ ಮೊದಲು ತಣ್ಣೀರು

ಅಡಿಕೆ ಕೊಯ್ಲಿನ ಗಡಿಬಿಡಿ, ಮೇಲಿಂದ ಚಳಿ. ನಸುಕಿಗೇ ಬಚ್ಚಲ ಹಂಡೆಯಡಿ ಬೆಂಕಿ. ಕಳೆದ ಚಳಿಗಾಲ ಬಾಲ್ದಿಗೆ ಬಿಸಿನೀರು ತೋಡಿಟ್ಟು ತಣ್ಣೀರು ತರಲು ಹೋದವ ನಾನೇ. ಅಷ್ಟರಲ್ಲಿ ಒಂದೂವರೆ ವರ್ಷದ ಮೊಮ್ಮಗ ಕೈ ಅದ್ದಿಬಿಟ್ಟ.

ನಾನು ಟೂತ್‌ಪೇಸ್ಟ್ ಹುಡುಕಿದೆ. ಸೊಸೆ, "ಬೇಡ ಮಾವ" ಎಂದವಳೇ ಮಗುವಿನ ಕೈಯನ್ನು ನಳ್ಳಿ ನೀರಿಗೆ ಹಿಡಿದಳು. ಪೂರ್ತಿ 20 ನಿಮಿಷ. ಚಳಿಯಾಗದಂತೆ ಮೈಗೆ ಕಂಬಳಿ. ಮತ್ತೆ ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ. ಐಸ್, ಎಣ್ಣೆ, ಶಾಯಿ ಯಾವುದೂ ಕೂಡದು. ಗುಳ್ಳೆ ಒಡೆಯಬಾರದು.

ಈಗ ನಮ್ಮಲ್ಲಿ ಮೂರು ಕಟ್ಟಳೆ: ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಮೊಣಕೈ ಅದ್ದಿ ನೋಡದೆ ಮಗುವಿಗೆ ಹೊಯ್ಯುವಂತಿಲ್ಲ. ಬಚ್ಚಲ ಬಾಗಿಲಿಗೆ ಮೇಲ್ಗಡೆ ಚಿಲಕ. ಕೈ ಮಾಯಿತು. ಚಿಲಕ ಮಾತ್ರ ಮೊದಲೇ ಹಾಕಬಹುದಿತ್ತು. ನೀವು ಇವತ್ತೇ ಹಾಕಿ.