ಖಾಲಿ ಅಂದರೂ ನಂಬಬೇಡಿ

ನಿಮ್ಮ ಮನೆಯಲ್ಲಿ ಬಂದೂಕು ಇಲ್ಲದಿರಬಹುದು. ಆದರೆ ಬೀಗರ ಮದುವೆ ಮೆರವಣಿಗೆಯಲ್ಲಿ ಎದುರಾದೀತು. ಎಂಥ ಬಂದೂಕಿನಲ್ಲೂ ಗುಂಡು ತುಂಬಿದೆ ಎಂದೇ ತಿಳಿಯಿರಿ. ಮ್ಯಾಗಜಿನ್ ತೆಗೆದ ಮೇಲೂ ಪಿಸ್ತೂಲಿನೊಳಗೆ ಒಂದು ಗುಂಡು ಉಳಿದಿರಬಹುದು. ‘ಖಾಲಿ ಐತಿ’ ಎಂದು ಯಾರು ಹೇಳಿದರೂ ನಳಿಗೆಯ ಎದುರು ನಿಲ್ಲಬೇಡಿ. ನಾಡ ಪಿಸ್ತೂಲ್ ಇನ್ನೂ ಕೆಟ್ಟದ್ದು: ಕೈಜಾರಿ ಬಿದ್ದರೂ ಸಿಡಿದೀತು, ಹಿಡಿದವನ ಕೈಯಲ್ಲೇ ಒಡೆದೀತು. ತೊಗರಿ ಹೊಲದ ಬದುವಿನಲ್ಲಿ ಅಂಥದ್ದು ಕಂಡರೆ ಮುಟ್ಟದೆ, ಮಕ್ಕಳನ್ನು ದೂರ ಕಳಿಸಿ, 112ಕ್ಕೆ ಕರೆ ಮಾಡಿ.

ಸಂಭ್ರಮಕ್ಕೆಂದು ಮೇಲಕ್ಕೆ ಹಾರಿಸಿದ ಗುಂಡು ಕೆಳಗೇ ಬೀಳಬೇಕಲ್ಲ! ಹಾಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದವರಿಗೆ, 2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೀಗರು ಮುನಿಸಿಕೊಂಡರೂ ಸರಿ, ಬಂದೂಕು ಹೊರಬಂದ ಕೂಡಲೇ ಮಕ್ಕಳ ಕೈಹಿಡಿದು ಅಲ್ಲಿಂದ ಹೊರಡಿ.