ರಜೆಯ ರಾತ್ರಿಯೂ ಬಾರದ ನಿದ್ದೆ

ದಾಂಡೇಲಿಯಿಂದ ಬರೆದ ಸೋದರರೇ, ರಾತ್ರಿಪಾಳಿ ದೇಹದ ಗಡಿಯಾರವನ್ನು ಕೆಡಿಸುತ್ತದೆ, ನಿಜ. ಆದರೆ ರಜೆಯ ರಾತ್ರಿಯೂ ಕಣ್ಣು ಮುಚ್ಚುತ್ತಿಲ್ಲ, ಹೀಗೇ 4 ತಿಂಗಳಾಯಿತು ಎಂದಿದ್ದೀರಲ್ಲ, ಅದನ್ನು ಪಾಳಿಯ ತಲೆಗೆ ಕಟ್ಟಿ ಸುಮ್ಮನಿರಬೇಡಿ. ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ದಾಟಿದರೆ ಅದು ದೀರ್ಘಕಾಲದ ನಿದ್ರಾಹೀನತೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಖಿನ್ನತೆಯ ಅಪಾಯ ಹೆಚ್ಚುತ್ತದೆ. ನನಗೆ ಅದಕ್ಕಿಂತ ಹೆಚ್ಚಿನ ಹೆದರಿಕೆ, ನೀವು ಬೆಳಗಿನ ಜಾವ ತೂಕಡಿಸುತ್ತ ಹಳಿಯಾಳ ರಸ್ತೆಯಲ್ಲಿ ಬೈಕ್ ಓಡಿಸುವುದು!

ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ. ನಿದ್ದೆಗೆಂದು ಹಾಕುವ ‘ಒಂದು ಪೆಗ್’ ನಡುರಾತ್ರಿ ಎಬ್ಬಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಥೈರಾಯ್ಡ್ ನೋಡಿಸಿ; ಗೊರಕೆಯಿದ್ದರೆ ಮುಚ್ಚಿಡದೆ ಹೇಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಮಲಗುವ ರೂಢಿ, ಯೋಚನೆಗಳನ್ನು ತಿದ್ದುವ ವರ್ತನಾ ಚಿಕಿತ್ಸೆ. ಅದರ ಬಗ್ಗೆ ಕೇಳಿ. ಬದುಕೇ ಬೇಡ ಎನಿಸಿದರೆ ಮಾತ್ರ ಕಾಯಬೇಡಿ: ಟೆಲಿ ಮನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.