ಶಸ್ತ್ರವೈದ್ಯನಿಗೆ ದಾರಿ ತೋರುವ ಚಿತ್ರಫಲಕ

ಮಳೆಗಾಲದ ಮಂಜಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವ ಚಾಲಕನಿಗೆ ತಿರುವುಗಳು ಕಾಣವು. ರಸ್ತೆಯಂಚಿನ ಬಿಳಿಯ ಗೆರೆ, ಬಾಣದ ಗುರುತುಗಳೇ ಅವನಿಗೆ ಆಧಾರ. ಮಿದುಳಿನ ಶಸ್ತ್ರವೈದ್ಯನ ಸ್ಥಿತಿಯೂ ಇದಕ್ಕೆ ಸದೃಶವಾದುದು. ಗೆಡ್ಡೆಯ ಎಲ್ಲೆ, ರಕ್ತನಾಳದ ನೆಲೆ ಹೊರಗಣ್ಣಿಗೆ ತೋರವು. ಆತನಿಗೆ ದಾರಿ ತೋರುವ ಚಿತ್ರಫಲಕ ಹೇಗಿರಬೇಕೆಂಬುದೇ ಪ್ರಕೃತ ವಿಷಯ.

ಒಡಲನ್ನು ಸೀಳದೆ ಒಳಗನ್ನು ಕಾಣುವ ವಿದ್ಯೆ 1895ರಲ್ಲಿ ರಾಂಟ್ಜನ್ನನು ಕಂಡುಹಿಡಿದ ಕ್ಷಕಿರಣದಿಂದ ಮೊದಲಾಯಿತು. 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ತಲೆಗೆ ಚೌಕಟ್ಟನ್ನು ತೊಡಿಸಿ ಮಿದುಳಿನ ಬಿಂದುಗಳನ್ನು ಅಳತೆಯಿಂದ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. 1947ರಲ್ಲಿ ಅದು ಮನುಷ್ಯರ ಚಿಕಿತ್ಸೆಗೆ ಬಂದಿತು. 1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಮಿದುಳನ್ನು ಪದರಪದರವಾಗಿ ತೋರಿಸಿತು. ನಮ್ಮ ನಾಡಿನಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಅವರು ಕಂಪವಾಯುವಿನ ರೋಗಿಗಳಿಗೆ ಮಿದುಳಿನ ಆಳಕ್ಕೆ ಸೂಜಿಯನ್ನು ತಲಪಿಸುವ ಶಸ್ತ್ರಕ್ರಿಯೆಯಲ್ಲಿ ಹೆಸರಾಗಿದ್ದರು.

ಇಂದಿನ ಕ್ರಮದಲ್ಲಿ ಗಣಕಯಂತ್ರವು ರೋಗಿಯ ಚಿತ್ರವನ್ನೂ ದೇಹವನ್ನೂ ಹೊಂದಿಸುತ್ತದೆ. ಮೂಗಿನ ಬುಡ, ಕಣ್ಣಿನ ಮೂಲೆ ಮೊದಲಾದ ಸ್ಥಾನಗಳನ್ನು ಎರಡರಲ್ಲಿಯೂ ಗುರುತಿಸುತ್ತಾರೆ. 1802ರಲ್ಲಿ ಮದರಾಸಿನಲ್ಲಿ ಅಳತೆಯನ್ನಾರಂಭಿಸಿ ಮಂಗಳೂರಿನ ಕಡಲತಡಿಯವರೆಗೆ ತ್ರಿಕೋನಗಳನ್ನು ಹೆಣೆದ ಲ್ಯಾಂಬ್ಟನ್, ತಿಳಿದ ನೆಲೆಗಳಿಂದ ತಿಳಿಯದುದನ್ನು ಸಾಧಿಸಿದನಷ್ಟೆ. ಇಲ್ಲಿಯ ತತ್ತ್ವವೂ ಅದಕ್ಕೆ ಹತ್ತಿರವಾದುದು. ಉಪಕರಣಕ್ಕೆ ಕಟ್ಟಿದ ಹೊಳೆಯುವ ಗುಂಡುಗಳನ್ನು ಕ್ಯಾಮೆರಾಗಳು ಹಿಂಬಾಲಿಸಿ, ಅದರ ತುದಿ ಎಲ್ಲಿದೆಯೆಂಬುದನ್ನು ಅಡ್ಡ, ಎದುರು, ಪಕ್ಕದ ಮೂರು ಛೇದಗಳಲ್ಲಿ ತೋರಿಸುತ್ತವೆ.

ಶಾಸ್ತ್ರಕಾರರು ಸೂತ್ರಕ್ಕೆ ವಿಧಿಸಿದ ಮಿತತ್ವ, ಅಸಂದಿಗ್ಧತೆಗಳು ಈ ಫಲಕಕ್ಕೂ ಸಲ್ಲತಕ್ಕವು.

ಮೊದಲನೆಯದು, ಸ್ಥಾನ. ಫಲಕ ದೂರವಿದ್ದರೆ ವೈದ್ಯನು ಕೈಯನ್ನು ಬಿಟ್ಟು ಕಣ್ಣನ್ನು ಹೊರಳಿಸಬೇಕಾಗುತ್ತದೆ.

ಎರಡನೆಯದು, ದಿಕ್ಕು. ರೂಢಿಯ ಅಡ್ಡಛೇದ ಚಿತ್ರಗಳಲ್ಲಿ ರೋಗಿಯ ಎಡಭಾಗ ನೋಡುವವನ ಬಲಕ್ಕೆ ಬರುತ್ತದೆ. ಎಡಬಲಗಳನ್ನು ಸ್ಫುಟವಾಗಿ ಬರೆಯದಿದ್ದರೆ ಅನರ್ಥಕ್ಕೆ ಎಡೆಯಾದೀತು.

ಮೂರನೆಯದು, ಬಣ್ಣ. ಕೆಂಪು ಹಸಿರುಗಳ ಭೇದ ಕಾಣದವರು ವೈದ್ಯರಲ್ಲಿಯೂ ಇರಬಹುದು. ಆದುದರಿಂದ ಬಣ್ಣದೊಡನೆ ಆಕಾರಭೇದವೂ ಬೇಕು.

ನಾಲ್ಕನೆಯದು, ಮಿತಿ. ನಿಜದೃಶ್ಯದ ಮೇಲೆ ಗೆರೆಗಳನ್ನು ಹೊದಿಸಿ ತೋರಿಸಿದಾಗ, ಎದುರಿಗೇ ಇದ್ದ ಅನಿರೀಕ್ಷಿತ ವಸ್ತುವನ್ನು ಶಸ್ತ್ರವೈದ್ಯರು ಕಾಣದೆ ಹೋಗುವುದು ಹೆಚ್ಚೆಂದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತೋರಿಸಿತು.

ಐದನೆಯದು, ಮತ್ತು ಮುಖ್ಯವಾದುದು, ಸತ್ಯ. ತಲೆಬುರುಡೆಯನ್ನು ತೆರೆದು ದ್ರವ ಹರಿದುಹೋದೊಡನೆ ಮಿದುಳು ತುಸು ಕುಸಿಯುತ್ತದೆ. ಮೊದಲು ತೆಗೆದ ಚಿತ್ರ ಹಳತಾಗುತ್ತದೆ; ಫಲಕ ಮಾತ್ರ ಅದೇ ನಿಶ್ಚಯದಿಂದ ಬಿಂದುವನ್ನು ತೋರುತ್ತಿರುತ್ತದೆ. ತನ್ನ ಅಳತೆಯಲ್ಲಿ ಎಷ್ಟು ಮಿಲಿಮೀಟರಿನ ವ್ಯತ್ಯಾಸ ಸಂಭವಿಸಬಹುದೆಂಬುದನ್ನೂ ಹೇಳುವ ಫಲಕವೇ ವಿಶ್ವಾಸಾರ್ಹವಾದುದು.

ಕಳಸ, ಮೂಡಿಗೆರೆಗಳಿಂದ ಘಾಟಿಯಿಳಿದು ಮಂಗಳೂರು, ಮಣಿಪಾಲಗಳಿಗೆ ಹೋಗುವ ರೋಗಿಗೆ ಈ ಫಲಕ ಕಾಣುವುದಿಲ್ಲ. ಆದರೆ ಅವನ ಮಾತು, ನಡೆ, ನೆನಪುಗಳು ಅದರ ಸ್ಪಷ್ಟತೆಯನ್ನೂ ಅವಲಂಬಿಸಿವೆ. ಗಣಿತ, ಚಿತ್ರಕಲೆ, ಜೀವಶಾಸ್ತ್ರಗಳನ್ನು ಬೇರೆಬೇರೆ ಪಾಠಗಳೆಂದು ಬಗೆಯುವ ವಿದ್ಯಾರ್ಥಿಗಳಿಗೆ, ಅವು ಒಂದೆಡೆ ಕೂಡಿ ಜೀವವನ್ನು ಕಾಯುವ ಈ ನಿದರ್ಶನವನ್ನು ಅಧ್ಯಾಪಕರು ತೋರಿಸಿಕೊಡುವುದು ಉಚಿತ.